22 ಮೆಟ್ಟಿಲು, 24 ಕ್ಲಾಸು, ಅಪ್ಪನ ಚಿಲ್ಲರೆ ಲೆಕ್ಕ

ಮೊದಲು ಮೆಟ್ಟಿಲ ವಿಷಯ ಹೇಳಿಬಿಡುತ್ತೇನೆ. ಒಟ್ಟು 22. ಲಿಫ್ಟ್ ಇಲ್ಲ. ಲಕ್ವ ಹೊಡೆದವರಿಗೆಂದೇ ತೆರೆದ ಸೆಂಟರ್, ಇರುವುದು ಮಾತ್ರ ಮಹಡಿ ಮೇಲೆ. ಕೆಳಗೆ ಚಪ್ಪಲಿ ಅಂಗಡಿ. ಹತ್ತುವಾಗ ಹಿಡಿದುಕೊಳ್ಳಲು ಕಂಬಿ ಇರುವುದು ಎಡಗಡೆ ಒಂದೇ. ನಮ್ಮ ಅಪ್ಪನಿಗೆ ಸೋತದ್ದು ಎಡಗೈ, ಎಡಗಾಲು. ಮೊದಲ ದಿನ ಚಪ್ಪಲಿ ಅಂಗಡಿಯ ಹುಡುಗನೂ ನಾನೂ ಸೇರಿ ಹತ್ತಿಸಿದೆವು. ಇಳಿಯುವಾಗ ಅದೇ ಕಂಬಿ ಬಲಕ್ಕೆ ಸಿಗುತ್ತದಲ್ಲ, ಅಪ್ಪ ಒಬ್ಬನೇ ಇಳಿದ. "ಹೋಗ್ತಾ ಓವರ್‌ಲೋಡು, ಬರ್ತಾ ಖಾಲಿ ಗಾಡಿ" ಅಂದ. ಸ್ಟ್ರೋಕ್ ಆದಮೇಲೆ ಅಪ್ಪ ಮಾಡಿದ ಮೊದಲ ತಮಾಷೆ ಅದು. ಹಾಗಾಗಿ ಮೆಟ್ಟಿಲಿಗೆ ಕಳೆದ ಮಾರ್ಕಿನಲ್ಲಿ ಅರ್ಧ ವಾಪಸ್ ಕೊಟ್ಟಿದ್ದೇನೆ.

ನಾನು ಕುಮಟೆಯವಳು. ಡಿ.ಫಾರ್ಮ ಮಾಡಿಕೊಂಡು 19 ವರ್ಷದಿಂದ ಮೆಡಿಕಲ್ ಶಾಪಿನಲ್ಲಿ ಕೆಲಸ. ಅಪ್ಪ ಸಾರಿಗೆ ಸಂಸ್ಥೆಯಲ್ಲಿ ಕಂಡಕ್ಟರ್ ಆಗಿದ್ದ, 2016ರಲ್ಲಿ ರಿಟೈರ್ ಆದ. ಜಾಸ್ತಿ ವರ್ಷ ಓಡಾಡಿದ್ದು ಕುಮಟಾ-ಶಿರಸಿ ರೂಟಿನಲ್ಲಿ. ಸ್ಟ್ರೋಕ್ ಆದಮೇಲೆ ಅವನ ಗಮನ, ನೆನಪು, ಲೆಕ್ಕ ಎಲ್ಲ ಕೈಕೊಟ್ಟಾಗ ಪಕ್ಕದ ತಾಲೂಕಿನ ಪೇಟೆಯ ಒಂದು ಸಣ್ಣ ಸೆಂಟರಿನಲ್ಲಿ ಮೂರು ತಿಂಗಳ 'ಮೆಮೊರಿ ಪ್ಯಾಕೇಜ್' ಮಾಡಿಸಿದೆವು. ಈ ಬರಹ ಅದರ ಬಗ್ಗೆ. ಹೆಸರು ಹಾಕುವುದಿಲ್ಲ. ಹೊಗಳುವುದೂ ಇದೆ, ಜಗಳವೂ ಇದೆ, ಊರು ಸಣ್ಣದು. ಇಂಥ ಜಾಗಕ್ಕೆ ಹೋಗುವವರು ಏನೇನು ಕೇಳಿಕೊಳ್ಳಬೇಕು ಅಂತ ಗೊತ್ತಾದರೆ ಸಾಕು.

2023ರ ನವೆಂಬರ್, ದೀಪಾವಳಿ ಮುಗಿದು ವಾರ ಆಗಿತ್ತು. ರಾತ್ರಿ ಚೆನ್ನಾಗಿಯೇ ಉಂಡು ಮಲಗಿದವ ಬೆಳಗ್ಗೆ ಏಳಲಾಗದೆ ಮಂಚದ ಅಂಚಿಗೆ ವಾಲಿಕೊಂಡಿದ್ದ. ಬಾಯಿ ಒಂದು ಕಡೆ ಎಳೆದಿತ್ತು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಕೊಡುವುದು ನಾಲ್ಕೂವರೆ ತಾಸಿನ ಒಳಗೆ. ನಿದ್ದೆಯಲ್ಲಿ ಯಾವಾಗ ಹೊಡೆಯಿತು ಅಂತ ಯಾರಿಗೆ ಗೊತ್ತು? ಅದೂ ಅಲ್ಲದೆ ನಮ್ಮ ಜಿಲ್ಲೆಯವರಿಗೆ ದೊಡ್ಡ ಆಸ್ಪತ್ರೆ ಅಂದರೆ ಆಚೆ ಗೋವಾ, ಈಚೆ ಮಣಿಪಾಲ, ಮಂಗಳೂರು, ಘಟ್ಟ ಹತ್ತಿದರೆ ಹುಬ್ಬಳ್ಳಿ. ಆ ಪುರಾಣ ಇಲ್ಲಿ ಬೇಡ.

ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದೆವು. ಕೈಕಾಲಿಗೆ ಫಿಸಿಯೋಥೆರಪಿ ಚೆನ್ನಾಗಿ ಹೇಳಿಕೊಟ್ಟರು. ಡಿಸ್ಚಾರ್ಜ್ ಚೀಟಿಯಲ್ಲಿ ಬಿಪಿ, ಶುಗರ್, ವ್ಯಾಯಾಮ ಎಲ್ಲ ಇತ್ತು. ತಲೆ ಹೇಗೆ ಕೆಲಸ ಮಾಡುತ್ತಿದೆ ಅನ್ನುವುದರ ಬಗ್ಗೆ ಒಂದು ಸಾಲೂ ಇರಲಿಲ್ಲ. ನಾವೂ ಕೇಳಲಿಲ್ಲ. ಕೈ ಎತ್ತುತ್ತಾನಾ, ನಡೆಯುತ್ತಾನಾ, ಇಷ್ಟೇ ನಮ್ಮ ಚಿಂತೆ. ಮಾತು ಸ್ಪಷ್ಟ ಇತ್ತು, ನಮ್ಮ ಗುರುತಿತ್ತು. ಇನ್ನೆಂತ ಬೇಕು ಅಂದುಕೊಂಡೆವು.

ಮನೆಗೆ ಬಂದ ಎರಡನೇ ವಾರ. ಆಯಿ, ಅಂದರೆ ನನ್ನ ಅಮ್ಮ, ಬಂಗಡೆ ಹುರಿದಿದ್ದಳು. ಅಪ್ಪ ಸಾರು ಕಲಸಿ ಉಣ್ಣುತ್ತಾ ಉಣ್ಣುತ್ತಾ "ಇವತ್ತು ಮೀನು ಇಲ್ವಾ?" ಅಂದ. ಮೀನು ತಟ್ಟೆಯಲ್ಲೇ ಇತ್ತು, ಎಡಗಡೆ. ಆಯಿ ತಮಾಷೆ ಅಂದುಕೊಂಡು ನಕ್ಕಳು. ನಾನು ಸುಮ್ನೆ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದೆ. "ಹಾಂ, ಈಗ ಹಾಕಿದ್ಯಾ" ಅಂದ. ಆಗ ತಟ್ಟೆಯನ್ನು ಸರಿಯಾಗಿ ನೋಡಿದೆ. ತಿರುಗಿಸುವ ಮೊದಲು ಬಲಗಡೆ ಇದ್ದ ಅರ್ಧದ ಅನ್ನ ಮಾತ್ರ ಖಾಲಿಯಾಗಿತ್ತು, ನಡುವೆ ಗೆರೆ ಎಳೆದ ಹಾಗೆ. ಕಣ್ಣಿಗೆ ಏನೂ ಆಗಿಲ್ಲ. ಮಿದುಳಿನ ಬಲಭಾಗಕ್ಕೆ ಪೆಟ್ಟು ಬಿದ್ದವರಲ್ಲಿ ಹೀಗಾಗುತ್ತದೆ, ಎಡಗಡೆ ಅಂತ ಒಂದು ಕಡೆ ಇದೆ ಅನ್ನುವುದರ ಮೇಲೆ ಗಮನವೇ ಹೋಗುವುದಿಲ್ಲ.

ಆಮೇಲೆ ಒಂದೊಂದೇ ಕಾಣತೊಡಗಿತು. ಸಂಜೆಯ ಮಾತ್ರೆ ಸ್ಟ್ರಿಪ್ಪಿನಲ್ಲೇ ಉಳಿದಿರುತ್ತಿತ್ತು. ಕೇಳಿದರೆ "ತಗೊಂಡೆ" ಅಂತ ಸಿಟ್ಟು. ಹಾಲಿಗೆ ನೂರರ ನೋಟು ಕೊಟ್ಟು ಅಂಗಡಿಯವ ಕೊಟ್ಟಷ್ಟನ್ನು ಎಣಿಸದೆ ಜೇಬಿಗೆ ಹಾಕಿಕೊಂಡು ಬರುತ್ತಿದ್ದ. ದೇವಿಮನೆ ಘಟ್ಟದ ತಿರುವಿನಲ್ಲಿ ಕಂಬಿಗೆ ಒರಗಿ ನಿಂತು, ತುಂಬಿದ ಬಸ್ಸಿನಲ್ಲಿ ಯಾರಿಗೆ ಎಷ್ಟು ಚಿಲ್ಲರೆ ಬಾಕಿ ಅಂತ ಹೇಳುತ್ತಿದ್ದವ! ಎಲ್ಲಕ್ಕಿಂತ ಹೆದರಿಕೆ ಆದದ್ದು ಅವನು ಸುಮ್ಮನೆ ಕೂರುವುದು ನೋಡಿ. ಟಿವಿ ಹಾಕಿದರೆ ನೋಡುತ್ತಿದ್ದ, ಆರಿಸಿದರೆ ಆರಿದ ಟಿವಿಯನ್ನು ನೋಡುತ್ತಿದ್ದ. ಬಂದವರೆಲ್ಲ "ವಯಸ್ಸಾಯ್ತಲ್ಲ" ಅಂದರು. 67 ಒಂದು ವಯಸ್ಸಾ? ಮೂರು ವಾರದ ಹಿಂದೆ ತೆಂಗಿನಕಾಯಿ ವ್ಯಾಪಾರಿಯ ಹತ್ತಿರ ಒಂದೊಂದು ರೂಪಾಯಿಗೆ ಚೌಕಾಸಿ ಮಾಡಿದವ. ಅಂಕೋಲೆಯ ಬೇಳಂಬಾರದಲ್ಲಿ ಲಕ್ವಕ್ಕೆ ನಾಟಿ ಔಷಧಿ ಕೊಡುತ್ತಾರೆ, ನಮ್ಮ ಕಡೆ ಎಲ್ಲರಿಗೂ ಗೊತ್ತು. ಅಲ್ಲಿಗೆ ಹೋಗಿ ಅಂದವರೂ ತುಂಬಾ ಜನ. ನಾವು ಹೋಗಲಿಲ್ಲ, ಹಾಗಾಗಿ ಅದರ ಬಗ್ಗೆ ಹೇಳಲು ನನ್ನ ಹತ್ತಿರ ಏನೂ ಇಲ್ಲ. ಆಯಿ ಮಾತ್ರ ದಿನಾ ಒಂದೆಲಗದ ತಂಬುಳಿ ಶುರು ಮಾಡಿದಳು. ಅದು ಔಷಧಿಯೋ ಅಲ್ಲವೋ, ರುಚಿಯಂತೂ ಇತ್ತು.

ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಓದತೊಡಗಿದೆ. ಓದಿದ ಹಾಗೆಲ್ಲ ಹೊಟ್ಟೆ ತೊಳಸಿತು. ಅಮೆರಿಕದ ಹೃದಯ ಸಂಘದವರು 2023ರಲ್ಲೇ ಇದರ ಬಗ್ಗೆ ಒಂದು ದೊಡ್ಡ ಹೇಳಿಕೆ ಹೊರಡಿಸಿದ್ದರು. ಸ್ಟ್ರೋಕ್ ಆದವರಲ್ಲಿ ಮೊದಲ ವರ್ಷದೊಳಗೆ 100ಕ್ಕೆ 60 ಜನರವರೆಗೂ ನೆನಪು, ಗಮನ, ಯೋಚನೆಯಲ್ಲಿ ಏನಾದರೊಂದು ತೊಂದರೆ ಕಾಣಬಹುದು. ಐದು ವರ್ಷದೊಳಗೆ ಸುಮಾರು ಮೂರನೇ ಒಂದು ಭಾಗದವರಿಗೆ ಡಿಮೆನ್ಷಿಯಾ, ಅಂದರೆ ಸ್ವಂತ ಬದುಕು ನಡೆಸಲಾಗದಷ್ಟು ಮರೆವು ಬರಬಹುದು. ಅದರಲ್ಲೇ ಒಂದು ಸಮಾಧಾನವೂ ಇತ್ತು. ತೊಂದರೆ ಸಣ್ಣದಾಗಿದ್ದರೆ 100ಕ್ಕೆ 20 ಜನರವರೆಗೂ ಪೂರ್ತಿ ಸರಿಯಾಗುತ್ತಾರೆ, ಅದು ಜಾಸ್ತಿ ಆಗುವುದು ಮೊದಲ ಆರು ತಿಂಗಳಲ್ಲಿ. ಕ್ಯಾಲೆಂಡರ್ ನೋಡಿದೆ. ಮೂರು ತಿಂಗಳು ಆಗಲೇ ಕಳೆದಿತ್ತು. ಸೆಂಟರಿಗೆ ಫೋನ್ ಮಾಡಿದ್ದು ಅವತ್ತೇ.

ಮೊದಲ ದಿನದ ಪರೀಕ್ಷೆಗೆ 1,500 ರೂಪಾಯಿ. ಒಂದೂವರೆ ತಾಸು ಕೂರಿಸಿದರು. ಈ ಸೆಂಟರಿಗೆ ನಾನು ಕೊಟ್ಟ ದುಡ್ಡಿನಲ್ಲಿ ಪೂರ್ತಿ ವಸೂಲಾದದ್ದು ಈ 1,500. ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ದಿನದ ಕೆಲಸಗಳನ್ನು ಮತ್ತೆ ಮಾಡಲು ಕಲಿಸುವವಳು, ಘಟ್ಟದ ಮೇಲಿನ ಹುಡುಗಿ, ಮೂವತ್ತು ದಾಟಿರಲಿಕ್ಕಿಲ್ಲ. ಅಪ್ಪನ ಎದುರಿಗೆ ಕೂರಲಿಲ್ಲ. ಕುರ್ಚಿ ಎಳೆದುಕೊಂಡು ಅವನ ಎಡಗಡೆ ಕೂತಳು, ಬೇಕಂತಲೇ. "ಕಂಡಕ್ಟರ್ ಮಾಮ, ನಾನು ಎಲ್ಲಿದ್ದೇನೆ ಹೇಳಿ" ಅಂದಳು. ಅಪ್ಪ ಬಲಕ್ಕೆ ಹುಡುಕಿದ. ಆಮೇಲೆ ನಿಧಾನ ಎಡಕ್ಕೆ ತಿರುಗಿ ಅವಳ ಮುಖ ಕಂಡಾಗ ನಾಚಿಕೊಂಡ.

ಆಮೇಲೆ ನೆನಪು, ಗಮನ ಅಳೆಯುವ ಮೋಕಾ ಅನ್ನುವ ಪರೀಕ್ಷೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ಹುಟ್ಟಿದ್ದು, ಕನ್ನಡದಲ್ಲೂ ಇದೆ, ಹತ್ತು-ಹದಿನೈದು ನಿಮಿಷದ ಕೆಲಸ. 30 ಅಂಕ, 26 ಬಂದರೆ ಸಾಮಾನ್ಯವಾಗಿ ಸರಿ ಅಂತ ಲೆಕ್ಕ. ಗಡಿಯಾರ ಬರೆಯಿರಿ ಅಂದಳು. ಅಪ್ಪ ಗುಂಡಗೆ ಗೆರೆ ಎಳೆದ. 12ರಿಂದ 6ರವರೆಗೆ ಬರೆದ. 7, 8, 9 ಎಲ್ಲವನ್ನೂ ಬಲಗಡೆಯಲ್ಲೇ ಒತ್ತೊತ್ತಾಗಿ ತುರುಕಿದ. ಎಡ ಅರ್ಧ ಖಾಲಿ. ಪ್ರಾಣಿಗಳ ಚಿತ್ರ ತೋರಿಸಿದಳು. ಸಿಂಹ ಗೊತ್ತಾಯಿತು, ಒಂಟೆ ಗೊತ್ತಾಯಿತು. ಖಡ್ಗಮೃಗಕ್ಕೆ "ಕಾಡುಕೋಣ" ಅಂದ. ಅದನ್ನು ತಪ್ಪು ಅನ್ನಲು ನನಗೆ ಮನಸ್ಸಿಲ್ಲ, ರಾತ್ರಿ ಘಟ್ಟದಲ್ಲಿ ಗಾಡಿಗೆ ಅಡ್ಡ ಬರುತ್ತಿದ್ದದ್ದು ಅದೇ ತಾನೆ. ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಅಂದಳು. "93. 86." ಅಲ್ಲಿಗೆ ನಿಂತ. ತುಂಬಾ ಹೊತ್ತು ಸುಮ್ಮನಿದ್ದು "ಏಳು ರೂಪಾಯಿ ಯಾವ ಸ್ಟೇಜಿಗೆ?" ಅಂತ ಕೇಳಿದ. ನಾನು ಕಿಟಕಿ ಕಡೆ ತಿರುಗಿದೆ.

17 ಬಂತು. ಅಪ್ಪ ಓದಿದ್ದು ಎಸ್ಸೆಸ್ಸೆಲ್ಸಿ, 12 ವರ್ಷಕ್ಕಿಂತ ಜಾಸ್ತಿ ಓದದವರಿಗೆ ಒಂದು ಅಂಕ ಸೇರಿಸುತ್ತಾರೆ, ಅದೂ ಸೇರಿ. ನನ್ನ ಮುಖ ನೋಡಿ ಆ ಹುಡುಗಿ ಹೇಳಿದ್ದು ಇಷ್ಟು: ಈ ಅಂಕ ನೋಡಿ ಡಿಮೆನ್ಷಿಯಾ ಅಂತ ಹೇಳಲು ಬರುವುದಿಲ್ಲ, ಎಲ್ಲಿ ಸೋರುತ್ತಿದೆ ಅಂತ ಮಾತ್ರ ತಿಳಿಯುತ್ತದೆ. ಅಪ್ಪ ಮರೆತ ಪದಗಳಿಗೆ ಸಣ್ಣ ಸುಳಿವು ಕೊಟ್ಟರೆ ಮೂರು ವಾಪಸ್ ಬಂದವು. ಅಂದರೆ ನೆನಪು ಅಳಿಸಿಹೋಗಿಲ್ಲ, ಹುಡುಕಿ ತೆಗೆಯಲು ಕಷ್ಟ ಆಗುತ್ತಿದೆ. ಪೆಟ್ಟು ಜಾಸ್ತಿ ಬಿದ್ದಿರುವುದು ಗಮನಕ್ಕೆ, ಒಂದಾದ ಮೇಲೊಂದು ಕೆಲಸ ಜೋಡಿಸಿಕೊಳ್ಳುವುದಕ್ಕೆ.

ಇಷ್ಟಕ್ಕೇ ನಿಲ್ಲಿಸಲಿಲ್ಲ. ಕಿವಿ ನೋಡಿ, ಗುಗ್ಗೆ ತೆಗೆಸಿಕೊಂಡು ಬನ್ನಿ, ಕೇಳಿಸದೆ ಇದ್ದರೆ ಅರ್ಧ ಪ್ರಶ್ನೆ ಹಾಗೇ ತಪ್ಪುತ್ತದೆ ಅಂದಳು. ಅಪ್ಪ ಸುಮ್ಮನೆ ಕೂರುವುದನ್ನು ಹೇಳಿದಾಗ, ಸ್ಟ್ರೋಕ್ ಆದವರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ, ಅದು ಮರೆವಿನ ಹಾಗೆಯೇ ಕಾಣುತ್ತದೆ, ಡಾಕ್ಟರಿಗೆ ತೋರಿಸಿ ಅಂದಳು. ಥೈರಾಯ್ಡ್, ಬಿ12, ಸೋಡಿಯಂ ನೋಡಿಸಿ ಅಂತ ಚೀಟಿ ಬರೆದುಕೊಟ್ಟಳು. ಬಿ12 ಕಡಿಮೆ ಬಂತು. ದಿನಾ ಮೀನು ತಿನ್ನುವವನಿಗೆ ಬಿ12 ಕಡಿಮೆಯಾ? ಆಮೇಲೆ ತಲೆ ಚಚ್ಚಿಕೊಂಡೆ. ಅಪ್ಪ ಶುಗರಿಗೆ ಎಷ್ಟೋ ವರ್ಷದಿಂದ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಾನೆ. ವರ್ಷಗಟ್ಟಲೆ ತೆಗೆದುಕೊಂಡರೆ ಅದು ಬಿ12 ಇಳಿಸುತ್ತದೆ. ದಿನಾ ನನ್ನ ಕೈಯಾರೆ ಎಣಿಸಿ ಕೊಡುವ ಮಾತ್ರೆ!

ಕ್ಲಾಸು ವಾರಕ್ಕೆ ಎರಡು, ಮುಕ್ಕಾಲು ತಾಸು. ಒಂದಕ್ಕೆ 600. ಒಟ್ಟು 24ಕ್ಕೆ 14,400, ಪೂರ್ತಿ ಮುಂಗಡ. ಈ 'ಪೂರ್ತಿ ಮುಂಗಡ' ಅನ್ನುವ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಮೊದಲು ಕಲಿಸಿದ್ದು ತಟ್ಟೆಗೆ. ತಟ್ಟೆಯ ಎಡ ಅಂಚಿಗೆ ಕೆಂಪು ಟೇಪು ಅಂಟಿಸಿ, ಉಣ್ಣುವ ಮೊದಲು ಕೆಂಪು ಕಾಣುವ ತನಕ ಕಣ್ಣು ಎಡಕ್ಕೆ ಹೋಗಬೇಕು. ಅಷ್ಟೇ. ಹತ್ತು ರೂಪಾಯಿಯ ಇನ್ಸುಲೇಷನ್ ಟೇಪು. ಪೇಪರ್ ಓದುವಾಗಲೂ ಎಡಕ್ಕೆ ಕೆಂಪು ಗೆರೆ. ಮೂರನೇ ವಾರಕ್ಕೆ ಆಯಿ ಕೇಳದೆಯೇ ಮೀನು ಖಾಲಿ. ಮನೆಯಲ್ಲಿ ನಾವು ಮಾತಾಡಿಸುವುದು ಎಡಗಡೆಯಿಂದ, ಆದರೆ ಔಷಧಿ, ನೀರಿನ ಚೊಂಬು ಬಲಗಡೆ. ಯಾವುದು ಅಭ್ಯಾಸಕ್ಕೆ, ಯಾವುದು ಜೀವಕ್ಕೆ ಅಂತ ಬೇರೆ ಮಾಡಿ ಹೇಳಿದ್ದು ನನಗೆ ಇಷ್ಟವಾಯಿತು.

ನೋಟ್‌ಬುಕ್ ವಿಷಯಕ್ಕೆ ಮಾತ್ರ ಅಪ್ಪ ಬಗ್ಗಲಿಲ್ಲ. ದಿನದ ಕೆಲಸ ಬರೆದಿಟ್ಟುಕೊಳ್ಳಿ ಅಂದರೆ "ನಾನೆಂತ ಶಾಲೆ ಮಗುವಾ" ಅಂತ ಮುಖ ತಿರುಗಿಸುತ್ತಿದ್ದ. ಎರಡು ವಾರ ಹೀಗೇ ಹೋಯಿತು. ಒಂದು ದಿನ ಅವಳು ಕೇಳಿದಳು:

"ಮಾಮ, ಬಸ್ಸಲ್ಲಿ ಚಿಲ್ಲರೆ ಇಲ್ಲದಿದ್ರೆ ಏನ್ ಮಾಡ್ತಿದ್ರಿ?"

"ಟಿಕೆಟ್ ಹಿಂದೆ ಬರೆದು ಕೊಡ್ತಿದ್ದೆ. ಇಳಿಯುವಾಗ ಕೇಳಿ ಅಂತ."

"ಯಾಕೆ ಬರೀಬೇಕು? ನಿಮಗೆ ನೆನಪಿರ್ತಿರ್ಲಿಲ್ವಾ?"

"ಬಸ್ಸು ತುಂಬಾ ಜನ. ಅಷ್ಟೂ ಜನರದ್ದು ಯಾರಿಗೆ ನೆನಪಿರ್ತದೆ ಮಾರಾಯ್ತಿ!"

ಅವಳು ಏನೂ ಹೇಳಲಿಲ್ಲ. ಟಿಕೆಟ್ ಅಗಲಕ್ಕೆ ಕತ್ತರಿಸಿದ ಕಾಗದದ ಕಟ್ಟು ಮೇಜಿನ ಮೇಲಿಟ್ಟಳು. ಅಪ್ಪ ಅದನ್ನು ನೋಡಿದ, ಅವಳನ್ನು ನೋಡಿದ, ಒಂದು ಚೀಟಿ ಹರಿದು ಜೇಬಿಗೆ ಹಾಕಿಕೊಂಡ. ಅವತ್ತಿನಿಂದ ಮನೆಯಲ್ಲಿ ಎಲ್ಲಿ ನೋಡಿದರೂ ಚೀಟಿ. "ಸಂಜೆ 7 ಮಾತ್ರೆ." "ಗ್ಯಾಸ್ ಬುಕ್." "ಹಾಲಿನವನಿಗೆ 40 ಬಾಕಿ."

ಆ ಹುಡುಗಿಯ ಇನ್ನೊಂದು ಪಾಠ ಸ್ಟೇಜಿನದು. ಕುಮಟಾ, ದೀವಗಿ, ಕತಗಾಲ, ದೇವಿಮನೆ, ಬಂಡಲ, ರಾಗಿಹೊಸಳ್ಳಿ, ಅಮ್ಮಿನಳ್ಳಿ, ಶಿರಸಿ. ಕಾರ್ಡಿನ ಮೇಲೆ ಬರೆದು ಕಲಸಿ ಕೊಡುತ್ತಿದ್ದಳು, ಅಪ್ಪ ಜೋಡಿಸಬೇಕು. ಮೊದಲ ಸಲ ಬಂಡಲ ಘಟ್ಟದ ಕೆಳಗೆ ಇಳಿದಿತ್ತು. ಆಮೇಲೆ ಶಿರಸಿಯಿಂದ ಉಲ್ಟಾ. ಆಮೇಲೆ "ಇಬ್ಬರು ಕತಗಾಲದಲ್ಲಿ ಹತ್ತಿದರು, ಬಂಡಲದಲ್ಲಿ ಇಳಿಯುತ್ತಾರೆ, ನೂರು ಕೊಟ್ಟರು, ವಾಪಸ್ ಎಷ್ಟು?" ದರ ಮಾತ್ರ ಅಪ್ಪನ ಕಾಲದ್ದು, ಈಗಿನ ದರ ಹೇಳಿದರೆ ಸಿಟ್ಟು ಬರುತ್ತಿತ್ತು.

ಮನೆಗೆಲಸ ಬಸ್ಸಿನಲ್ಲೇ. ಸೆಂಟರಿಗೆ ಬರುವಾಗ ಟಿಕೆಟ್ ಅಪ್ಪನೇ ತೆಗೆಸಬೇಕು, ಚಿಲ್ಲರೆ ಎಣಿಸಿಯೇ ಜೇಬಿಗೆ ಹಾಕಬೇಕು, ಎಣಿಸುವಾಗ ನಾವು ತುಟಿ ಬಿಚ್ಚಬಾರದು. ಶಕ್ತಿ ಯೋಜನೆ ಬಂದಮೇಲೆ ನನಗೆ, ಆಯಿಗೆ ಶೂನ್ಯ ಟಿಕೆಟ್ ಅಲ್ವಾ. ಅಪ್ಪನಿಗೆ ಅದು ಗೊತ್ತಿದ್ದದ್ದೇ, ಆದರೆ ಪ್ರತಿಸಲ ಮರೆಯುತ್ತಿದ್ದ. "ಮೂರು ಕೊಡಿ" ಅಂದು, ಕಂಡಕ್ಟರ್ "ಒಂದೇ ಸಾಕು" ಅಂದಾಗ "ದುಡ್ಡು ತಗೊಳ್ಳದೆ ಟಿಕೆಟ್ ಕೊಟ್ರೆ ಚೆಕಿಂಗಿನವ್ರು ಬಿಡ್ತಾರಾ?" ಅಂತ ಅವನಿಗೇ ಬುದ್ಧಿ ಹೇಳುತ್ತಿದ್ದ. ಎಂಟನೆಯ ಸಲವೋ ಏನೋ, "ಒಂದು ಕೊಡಿ, ಇವರಿಬ್ಬರದ್ದು ಸೊನ್ನೆ" ಅಂದ. ನನಗೆ 17ರಿಂದ 30 ಬಂದಷ್ಟು ಖುಷಿ.

ಈಗ ದೂರು.

ಹದಿನಾರನೇ ಕ್ಲಾಸಿನ ನಂತರ ಆ ಹುಡುಗಿ ಕೆಲಸ ಬಿಟ್ಟಳು. ನಮಗೆ ಹೇಳಿದವರಿಲ್ಲ, ಮೆಟ್ಟಿಲು ಹತ್ತಿ ಹೋದ ಮೇಲೆ ಗೊತ್ತಾದದ್ದು. ಆ ವಾರದ ಎರಡು ಕ್ಲಾಸು ಆಗಲೇ ಇಲ್ಲ. ಆಮೇಲೆ ಬಂದ ಹುಡುಗ ಫಿಸಿಯೋ ಓದಿದವ, ಪಾಪ ಒಳ್ಳೆಯವ, ಆದರೆ ಈ ಕೆಲಸ ಗೊತ್ತಿಲ್ಲ. ಟ್ಯಾಬ್ ಕೈಗೆ ಕೊಟ್ಟು ಆಟ ಆಡಿಸುತ್ತಿದ್ದ. ಬಣ್ಣ ಹೊಂದಿಸುವುದು, ಬೇರೆಯಾದದ್ದನ್ನು ಒತ್ತುವುದು. ಸೂಚನೆ ಎಲ್ಲ ಇಂಗ್ಲಿಷಿನಲ್ಲಿ. ಅಪ್ಪನ ಆಟದ ಸ್ಕೋರು ವಾರವಾರ ಏರಿತು, ಹಾಲಿನ ಅಂಗಡಿಯ ಚಿಲ್ಲರೆ ಇದ್ದಲ್ಲೇ ಇತ್ತು. ಆಟದಲ್ಲಿ ಕಲಿತದ್ದು ಜಾಸ್ತಿ ಆಟದಲ್ಲೇ ಉಳಿಯುತ್ತದೆ. ಸ್ಟೇಜಿನ ಕಾರ್ಡು ಎಲ್ಲಿ ಅಂತ ಕೇಳಿದರೆ ಅವಳ ಜತೆಗೇ ಹೋಗಿತ್ತು. ನಾನೇ ಮನೆಯಲ್ಲಿ ಹೊಸದಾಗಿ ಬರೆದೆ.

ಎರಡನೆಯದು ಬಾಗಿಲಿಗೆ ಅಂಟಿಸಿದ ಬಣ್ಣದ ಪೋಸ್ಟರ್. 'ನೆನಪಿನ ಶಕ್ತಿ ಪೂರ್ತಿ ವಾಪಸ್' ಅಂತ. ಇದನ್ನು ಯಾರೂ ಗ್ಯಾರಂಟಿ ಕೊಡಲು ಬರುವುದಿಲ್ಲ. ಮೂರನೆಯದು ಕೌಂಟರಿನಲ್ಲಿ ಮಾರುವ ಮೆದುಳಿನ ಟಾನಿಕ್, ಬಾಟಲಿಗೆ 480. "ಕ್ಲಾಸಿನ ಜತೆ ಇದು ಬೇಕೇ ಬೇಕು" ಅಂದರು. ನಾನು ಬಾಟಲಿ ತಿರುಗಿಸಿ ಹಿಂದಿನ ಅಕ್ಷರ ಓದಿ ಅಲ್ಲೇ ಇಟ್ಟೆ. ನನಗೆ ಅಂಗಡಿಯ ಅನುಭವ ಇದೆ, ಇಟ್ಟೆ. ಪಕ್ಕದಲ್ಲಿ ಹೊನ್ನಾವರದ ಕಡೆಯ ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚಿ ದುಡ್ಡು ಎಣಿಸುತ್ತಿದ್ದಳು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮಾತ್ರೆಯ ಬಗ್ಗೆ ಜನ ನನ್ನನ್ನು ಅಂಗಡಿಯಲ್ಲೂ ಕೇಳುತ್ತಾರೆ, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ. ಸ್ಟ್ರೋಕ್ ನಂತರದ ಮರೆವನ್ನು ವಾಸಿ ಮಾಡುವ ಮಾತ್ರೆ ಅಂತ ಇನ್ನೂ ಯಾವುದೂ ಇಲ್ಲ. ಅಪ್ಪನ ಚೀಟಿಯಲ್ಲಿ ಸಿಟಿಕೋಲಿನ್ ಇತ್ತು. ನಮ್ಮ ದೇಶದಲ್ಲಿ ತುಂಬಾ ಬರೆಯುತ್ತಾರೆ, ಅಗ್ಗವೂ ಅಲ್ಲ. ಯುರೋಪಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸ್ಟ್ರೋಕ್ ರೋಗಿಗಳ ಮೇಲೆ ಇದನ್ನು ಪರೀಕ್ಷೆ ಮಾಡಿ 2012ರಲ್ಲಿ ಫಲಿತಾಂಶ ಹೊರಬಂತು. ಮೂರು ತಿಂಗಳಲ್ಲಿ ಚೇತರಿಸಿಕೊಳ್ಳುವುದರಲ್ಲಿ ಔಷಧಿಯೇ ಇಲ್ಲದ ಖಾಲಿ ಮಾತ್ರೆಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಇದನ್ನು ಹಿಡಿದುಕೊಂಡು ಡಾಕ್ಟರನ್ನೇ ಕೇಳಿದೆ, ಅವರು ನಕ್ಕು "ಬೇಕಾದ್ರೆ ಬಿಡಿ" ಅಂದರು. ಕೇಳದೆ ನೀವೇ ಬಿಡಬೇಡಿ. ಮರೆವಿಗೆ ಕೊಡುವ ಡೊನೆಪೆಜಿಲ್ ಇನ್ನೊಂದು. ಕೆಲವರಿಗೆ ಸ್ವಲ್ಪ ಸಹಾಯ ಆಗುತ್ತದೆ, ಆದರೆ ನಾಡಿ ನಿಧಾನ ಮಾಡುತ್ತದೆ, ವಾಕರಿಕೆ, ಭೇದಿ ಬರಬಹುದು. ಅಪ್ಪನ ನಾಡಿ ಮೊದಲೇ 54, ಹಾಗಾಗಿ ಬೇಡ ಅಂದರು. ಖಿನ್ನತೆಗೆ ಒಂದು ಮಾತ್ರೆ ಕೊಟ್ಟರು. ಒಂದೂವರೆ ತಿಂಗಳಿಗೆ ಅಪ್ಪ ಸಂಜೆ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಹೋಗಿಬರುವವರನ್ನು ಮಾತಾಡಿಸತೊಡಗಿದ. ಎಷ್ಟು ಮಾತ್ರೆಯಿಂದ, ಎಷ್ಟು ಬಸ್ಸಿನಿಂದ ಅಂತ ಹೇಗೆ ಹೇಳಲಿ.

ನೆನಪಿನ ಮಾತ್ರೆ ಅಂತ ಯಾವುದನ್ನಾದರೂ ಕರೆಯುವುದಾದರೆ ನಾನು ಸಂಜೆಯ ಬಿಪಿ ಮಾತ್ರೆಯನ್ನು ಕರೆಯುತ್ತೇನೆ. ಅದೇ, ಸ್ಟ್ರಿಪ್ಪಿನಲ್ಲಿ ಉಳಿಯುತ್ತಿತ್ತಲ್ಲ. ಸೆಂಟರಿನಲ್ಲಿ ಮೊದಲ ವಾರ ಅಪ್ಪನ ಬಿಪಿ 158/94. ಸ್ಟ್ರೋಕ್ ಆದವರಿಗೆ 130/80ರ ಕೆಳಗೆ ಇರಬೇಕು ಅನ್ನುತ್ತಾರೆ. ಹಿಂದೆ ಸ್ಟ್ರೋಕ್ ಅಥವಾ ಸ್ವಲ್ಪ ಹೊತ್ತು ಬಂದುಹೋಗುವ ಮಿನಿ ಸ್ಟ್ರೋಕ್ ಆಗಿದ್ದ 6,105 ಜನರಿಗೆ ಬಿಪಿ ಇಳಿಸುವ ಮಾತ್ರೆ ಅಥವಾ ಖಾಲಿ ಮಾತ್ರೆ ಕೊಟ್ಟು ಸುಮಾರು ನಾಲ್ಕು ವರ್ಷ ನೋಡಿದ ಒಂದು ಪರೀಕ್ಷೆ ಇದೆ, ಪ್ರೋಗ್ರೆಸ್ ಅಂತ ಹೆಸರು. ಮಾತ್ರೆ ತೆಗೆದುಕೊಂಡವರಲ್ಲಿ ಮತ್ತೆ ಸ್ಟ್ರೋಕ್ ಆದದ್ದು ಕಡಿಮೆ, ಬುದ್ಧಿ ಮಂಕಾದದ್ದೂ ಕಡಿಮೆ, ಮುಖ್ಯವಾಗಿ ಎರಡನೇ ಸ್ಟ್ರೋಕಿನ ಜತೆ ಬರುವ ಮಂಕು. ಇಂಗ್ಲೆಂಡಿನ ಆಕ್ಸ್‌ಫರ್ಡಿನವರು 2009ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದಾಗ, ಮೊದಲ ಸ್ಟ್ರೋಕ್ ಆದ ಸ್ವಲ್ಪ ಸಮಯದಲ್ಲೇ ಹೊಸದಾಗಿ ಡಿಮೆನ್ಷಿಯಾ ಬಂದದ್ದು ಸುಮಾರು ಹತ್ತರಲ್ಲಿ ಒಬ್ಬರಿಗೆ, ಮತ್ತೊಮ್ಮೆ ಸ್ಟ್ರೋಕ್ ಆದವರಲ್ಲಿ ಮೂರರಲ್ಲಿ ಒಬ್ಬರಿಗಿಂತ ಜಾಸ್ತಿ. ಇದನ್ನು ಓದಿದ ದಿನ ಅಂಗಡಿಯಿಂದ ವಾರದ ಮಾತ್ರೆ ಡಬ್ಬಿ ತಂದೆ, ಬೆಳಗ್ಗೆ-ಸಂಜೆ ಬೇರೆ ಬೇರೆ ಖಾನೆಯದು. ಉಪ್ಪಿನ ವಿಷಯಕ್ಕೆ ಆಯಿ ಜತೆ ಆದ ಜಗಳ ಬೇರೆ. ಮಳೆಗಾಲ ಬಂತು ಅಂದರೆ ನಮ್ಮಲ್ಲಿ ಒಣಮೀನು ಇಲ್ಲದೆ ಗಂಜಿ ಇಳಿಯುವುದಿಲ್ಲ. ಈಗ ವಾರಕ್ಕೆ ಒಂದು ತುಂಡಿಗೆ ಒಪ್ಪಂದ ಆಗಿದೆ. ಒಪ್ಪಂದ ಮುರಿಯುವುದು ಯಾರು ಅಂತ ನನಗೆ ಗೊತ್ತು, ಅಪ್ಪ ಅಲ್ಲ.

ಕೊನೆಯ ದಿನ ಮತ್ತೆ ಮೋಕಾ ಮಾಡಿದರು. 22. ಸೆಂಟರಿನವರು ಫೋಟೋ ತೆಗೆಯಲು ಬಂದರು, ನಾನು ಬೇಡ ಅಂದೆ. ಈ ಐದು ಅಂಕವನ್ನು ಪೂರ್ತಿ ಅವರ ಖಾತೆಗೆ ಹಾಕಲು ನಾನು ತಯಾರಿಲ್ಲ. ಮೊದಲ ಆರು ತಿಂಗಳಲ್ಲಿ ಮಿದುಳು ತಾನಾಗಿಯೂ ಚೇತರಿಸಿಕೊಳ್ಳುತ್ತದೆ, ಬಿ12 ಇಂಜೆಕ್ಷನ್ ಆಗಿದೆ, ಕಿವಿ ತೆರೆದಿದೆ, ಪರೀಕ್ಷೆಯೂ ಎರಡನೇ ಸಲದ್ದು. ಖಡ್ಗಮೃಗಕ್ಕೆ ಈಗಲೂ ಕಾಡುಕೋಣವೇ. ಒಂದು ವರ್ಷದ ನಂತರ ಬೇರೆ ಕಡೆ ಮಾಡಿಸಿದಾಗಲೂ 22. ಏರಿಲ್ಲ, ಇಳಿದೂ ಇಲ್ಲ. ವರ್ಷಕ್ಕೊಮ್ಮೆ ನೋಡಿಸುತ್ತಲೇ ಇರಬೇಕು ಅಂದಿದ್ದಾರೆ.

ಹೋಗುವವರಿಗೆ ಒಂದೆರಡು ಮಾತು. 1,500ರ ಪರೀಕ್ಷೆ ಮಾತ್ರ ಮಾಡಿಸಿ, ವರದಿ ಕೈಗೆ ತೆಗೆದುಕೊಂಡು ಡಾಕ್ಟರ ಹತ್ತಿರ ಹೋಗಿ, ಅಷ್ಟಾದರೂ ಸಾಕು. ಪ್ಯಾಕೇಜ್ ಬೇಕಾದರೆ ನಾಲ್ಕು ಕ್ಲಾಸಿಗೆ ಮಾತ್ರ ಕಟ್ಟುತ್ತೇನೆ ಅನ್ನಿ. ಆಕ್ಯುಪೇಷನಲ್ ಥೆರಪಿಸ್ಟ್ ಇದ್ದಾರಾ, ವಾರಕ್ಕೆ ಎಷ್ಟು ದಿನ ಅಂತ ಮೊದಲೇ ಕೇಳಿ. ರಾಜ್ಯ ಸರಕಾರ ನಿಮ್ಹಾನ್ಸ್ ಜತೆ ಸೇರಿ 2022ರಲ್ಲಿ ಮಿದುಳಿನ ಆರೋಗ್ಯದ ಕ್ಲಿನಿಕ್ಕುಗಳನ್ನು ಶುರು ಮಾಡಿತು, ಮೊದಲು ಜಯನಗರ, ಕೋಲಾರ, ಚಿಕ್ಕಬಳ್ಳಾಪುರದಲ್ಲಿ. ಆಮೇಲೆ ಬೇರೆ ಜಿಲ್ಲಾ ಆಸ್ಪತ್ರೆಗಳಿಗೂ ವಿಸ್ತರಿಸಿದರು. ಕಾರವಾರಕ್ಕೆ ಹೋಗಿಬರುವವರು ದುಡ್ಡು ಕಟ್ಟುವ ಮೊದಲು ಅಲ್ಲಿ ವಿಚಾರಿಸಿ. ನೋಡಿಕೊಳ್ಳುವವರ ಬಗ್ಗೆ ಸೆಂಟರಿನಲ್ಲಿ ಯಾರೂ ಕೇಳಲಿಲ್ಲ, ಆ ಹುಡುಗಿ ಒಬ್ಬಳನ್ನು ಬಿಟ್ಟು. ಆಯಿ ಒಂದು ರಾತ್ರಿ ಅಡುಗೆಮನೆಯಲ್ಲಿ ಕೂತು ಅತ್ತಾಗ ನಾನು ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ ಕೊಟ್ಟೆ, 14416. ಕನ್ನಡದಲ್ಲೇ ಮಾತಾಡಿದರು, ಅರ್ಧ ತಾಸು. ಅದು ಪುಕ್ಕಟೆ.

ಐದರಲ್ಲಿ ಮೂರು ಸ್ಟಾರ್. ಆ ಹುಡುಗಿ ಇದ್ದಿದ್ದರೆ ನಾಲ್ಕೂವರೆ, ಮೆಟ್ಟಿಲಿಗೆ ಅರ್ಧ ಕಳೆದು.

ಆಗದೇ ಹೋದ ಎರಡು ಕ್ಲಾಸಿನ ದುಡ್ಡು ಇವತ್ತಿನವರೆಗೂ ವಾಪಸ್ ಬಂದಿಲ್ಲ. ಫೋನ್ ಮಾಡಿದರೆ "ಮುಂದಿನ ವಾರ ಮೇಡಂ". ನಾನಾದರೆ ಬಿಟ್ಟುಬಿಡುತ್ತಿದ್ದೆ. ಅಪ್ಪ ಬಿಡುತ್ತಿಲ್ಲ. ಅವರು ಕೊಟ್ಟ ರಸೀದಿಯ ಹಿಂದೆ '1200 ಬಾಕಿ' ಅಂತ ಬರೆದು, ಕೆಳಗೆ ಗೆರೆ ಹಾಕಿ, ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದಾನೆ. ಪ್ರತಿ ಸೋಮವಾರ ಬೆಳಗ್ಗೆ ತೆಗೆದು ನನ್ನ ಮುಂದೆ ಹಿಡಿಯುತ್ತಾನೆ, ಎಡಗೈಯಲ್ಲಿ.